ಎಡಕ್ಕೆ ತಿರುಗುವವರ ಮೌಸು

ನನ್ನ ಮೌಸು ಒಂದು ಸಲ ಒತ್ತಿದರೆ ಎರಡು ಸಲ ಒತ್ತತೊಡಗಿದ್ದು ನಮ್ಮಕ್ಕ ಕಸ್ತೂರಿ ತೀರಿಕೊಂಡ ಹದಿನಾಲ್ಕನೆಯ ತಿಂಗಳಲ್ಲಿ. ಮೊದಮೊದಲು ನನ್ನ ಬೆರಳನ್ನೇ ಬೈದುಕೊಂಡೆ. ಸೀರೆಯ ಅಂಚಿಗೆ ಗ್ರಾಫು ಹಾಕಿಕೊಡುವುದು ನನ್ನ ಕೆಲಸ. ಕಂಪ್ಯೂಟರಿನ ಪರದೆಯ ತುಂಬ ಎಳ್ಳಿನಷ್ಟು ಚಿಕ್ಕ ಚೌಕಗಳು ಇರುತ್ತವೆ. ಒಂದು ಚೌಕ ಒತ್ತಿದರೆ ಮಗ್ಗದಲ್ಲಿ ಒಂದು ಎಳೆ ಮೇಲೇಳುತ್ತದೆ, ಅದನ್ನೇ ಇನ್ನೊಮ್ಮೆ ಒತ್ತಿದರೆ ಎಳೆ ಸುಮ್ಮನೆ ಮಲಗುತ್ತದೆ. ನನ್ನ ಮೌಸು ತಾನೇ ಎಬ್ಬಿಸಿ ತಾನೇ ಮಲಗಿಸುತ್ತಿತ್ತು. ದಿನವಿಡೀ ಕೂತು ಬಿಡಿಸಿದ ಹಂಸಗಳ ಸಾಲು ಸಂಜೆಗೆ ನೋಡಿದರೆ ಅಲ್ಲೊಂದಕ್ಕೆ ಕಣ್ಣಿಲ್ಲ, ಇಲ್ಲೊಂದಕ್ಕೆ ಕಾಲಿಲ್ಲ. ಸೀರೆ ವ್ಯಾಪಾರಿಯ ಕಡೆಯಿಂದ ಗ್ರಾಫು ಒಯ್ಯಲು ಬರುವ ಕೊಟ್ರಪ್ಪ ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದ:

“ಬನಪ್ಪಣ್ಣ, ಈ ಹಂಸದ ಕುತ್ತಿಗಿ ಎಲ್ಲಿ ಹೋತ್ರಿ?”

“ನೀರಾಗ ಮುಳುಗಿಸೇತಿ,” ಎಂದೆ.

“ಮದುವಿ ಸೀರಿ ಐತ್ರಿ ಇದು. ಹೊರಗ ತಗಸ್ರಿ.”

ಹೊಸದೊಂದು ಮೌಸು ತಂದರಾಯಿತು ಎಂದು ಬೇರೆ ಊರಿನವರು ಹೇಳಿಯಾರು. ನಮ್ಮೂರಿನ ಅಂಗಡಿಗಳಲ್ಲಿ ಏನು ಬೇಕು ಎಂಬುದನ್ನು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ‘ಯಾರಿಗ್ರಿ?’ ಎಂದು. ‘ನನಗ’ ಎಂದರೆ ಅಂಗಡಿಯವನು ಸಿಟ್ಟಾಗುವುದಿಲ್ಲ. ಒಂದು ಲೋಟ ನೀರು ಕೊಟ್ಟು, ‘ಕುಂಡ್ರಿ, ಬಿಸಲಾಗ ಬಂದೀರಿ’ ಅನ್ನುತ್ತಾನೆ. ತನಗೆ ತಾನೇ ಕೊಳ್ಳಲು ಬಂದವನಿಗೆ ತಲೆ ಸುತ್ತಿರಬೇಕು ಎಂದು ಅವನ ಅಂದಾಜು. ಕೈಯಲ್ಲಿ ಹಿಡಿಯುವ, ಕಾಲಿಗೆ ಮೆಟ್ಟುವ, ಮೈಗೆ ತಾಗುವ ಯಾವ ವಸ್ತುವನ್ನೂ ನಮ್ಮಲ್ಲಿ ಬಳಸುವವನೇ ಆರಿಸುವಂತಿಲ್ಲ, ಇನ್ನೊಬ್ಬರು ಆರಿಸಬೇಕು. ಬೇಕಾಗಿದೆ ಎಂದು ಅವರಿಗೆ ಹೇಳಬಹುದು. ಎಂಥದ್ದು ಬೇಕಾಗಿದೆ ಎಂದು ಹೇಳುವಂತಿಲ್ಲ. ಅವರು ಆರಿಸುವ ಹೊತ್ತಿಗೆ ಅಂಗಡಿಯಲ್ಲೇ ಇದ್ದರೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಹೀಗಾಗಿ ನಮ್ಮೂರಿನ ಯಾರ ಮನೆ ಹೊಕ್ಕರೂ ಆ ಮನೆಯವನು ಎಂಥವನು ಎಂದು ತಿಳಿಯುವುದಿಲ್ಲ. ಅವನನ್ನು ಉಳಿದವರು ಎಂಥವನೆಂದು ತಿಳಿದಿದ್ದಾರೆ ಎಂಬುದು ಮಾತ್ರ ತಿಳಿಯುತ್ತದೆ. ಹೆಣ್ಣು ಗಂಡಿನ ವಿಷಯದಲ್ಲಿ ಬೇರೆ ಊರುಗಳಲ್ಲೂ ಬಹಳ ಕಾಲ ಇದೇ ಪದ್ಧತಿ ಇತ್ತಂತೆ. ನಾವು ಅದನ್ನು ಬಕೆಟ್ಟಿಗೂ ಚಪ್ಪಲಿಗೂ ವಿಸ್ತರಿಸಿಕೊಂಡಿದ್ದೇವೆ, ಅಷ್ಟೇ.

ಇದಕ್ಕೆ ತಕ್ಕ ಸೌಜನ್ಯವೂ ಬೆಳೆದಿದೆ. ಆರಿಸಿ ಕೊಟ್ಟವರು ಎದುರಾಗಿ ‘ಹೆಂಗೈತಿ?’ ಎಂದು ಕೇಳಿದರೆ ಊರಿನಲ್ಲಿ ಒಂದೇ ಉತ್ತರ: ‘ಹೇಳಿ ಮಾಡಿಸಿದಂಗೈತಿ.’ ಹಿಮ್ಮಡಿ ಕಚ್ಚಿ ರಕ್ತ ಒಸರುತ್ತಿದ್ದರೂ ಇದನ್ನೇ ಹೇಳುತ್ತ ಕುಂಟುವ ಜನರನ್ನು ನಾನು ದಿನಾ ನೋಡುತ್ತೇನೆ. ಹೈಸ್ಕೂಲಿನ ಹೆಡ್ಮಾಸ್ತರರು ಒಂಬತ್ತು ವರ್ಷದಿಂದ ಗಿಳಿಹಸಿರು ಬಣ್ಣದ, ಅಂಚಿಗೆ ಜಾಲರಿ ಇರುವ ಕೊಡೆ ಹಿಡಿದು ಓಡಾಡುತ್ತಾರೆ. ವಾಪಸು ಕೊಡಲು ದಾರಿ ಇಲ್ಲವೆಂದಲ್ಲ. ಆರಿಸಿದವರು, ಪಡೆದವರು ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋಗಿ, ಅಂಗಡಿಯವನ ಎದುರಿಗೆ ‘ಹೊಂದಿಲ್ಲ’ ಎಂದು ಬಾಯಿಬಿಟ್ಟು ಹೇಳಿದರೆ ಆಯಿತು. ಇದಕ್ಕೆಂದೇ ಪ್ರತಿ ಅಂಗಡಿಯ ಗಲ್ಲೆಯ ಕೆಳಗೆ ಒಂದು ಡ್ರಾ ಇದೆ. ಅದು ತೆರೆದದ್ದನ್ನು ನಾನು ಕಂಡಿಲ್ಲ. ಒಂದು ಕಂಬಳಿಯ ವಿಷಯದಲ್ಲಿ ಈ ಮಾತು ಆಡಿದ್ದಕ್ಕೆ ಅಣ್ಣತಮ್ಮಂದಿರು ಬೇರೆಯಾದ ಮನೆ ನಮ್ಮ ಓಣಿಯಲ್ಲೇ ಇದೆ.

ಆರಿಸುವವರಿಲ್ಲದ ಜನರನ್ನು ನೋಡಿದ ಕೂಡಲೇ ಗುರುತಿಸಬಹುದು. ಅವರ ಕನ್ನಡಕದ ಕಾಲಿಗೆ ದಾರ ಸುತ್ತಿರುತ್ತದೆ. ಗಡಿಯಾರದ ಪಟ್ಟಿಗೆ ಪಿನ್ನು ಚುಚ್ಚಿರುತ್ತದೆ. ಚೀಲದ ಹಿಡಿಕೆ ಮೂರು ಸಲ ಹೊಲಿಸಿಕೊಂಡಿರುತ್ತದೆ. ಬಸ್ ಸ್ಟ್ಯಾಂಡಿನ ಬೇವಿನಮರದ ಕೆಳಗೆ ಬಾಡಿಗೆಗೆ ಆರಿಸಿಕೊಡುವವರು ಕೂತಿರುತ್ತಾರೆ, ನಿಜ. ನಿಮ್ಮನ್ನು ಕೆಳಗಿಂದ ಮೇಲೆ ಒಮ್ಮೆ ನೋಡಿ ಹೋಗಿ ತಂದುಕೊಡುತ್ತಾರೆ. ಅವರ ಕಣ್ಣಿಗೆ ಊರಿನ ಜನರೆಲ್ಲ ಮಧ್ಯಮ ಗಾತ್ರದವರು ಮತ್ತು ಬೂದು ಬಣ್ಣ ಮೆಚ್ಚುವವರು. ಅವರಿಂದ ತರಿಸಿಕೊಳ್ಳುವುದಕ್ಕಿಂತ ದಾರ ಸುತ್ತಿಕೊಳ್ಳುವುದು ಮರ್ಯಾದೆ ಎಂದು ಜನ ತಿಳಿಯುತ್ತಾರೆ.

ನನಗೆ ಎಲ್ಲವನ್ನೂ ಆರಿಸುತ್ತಿದ್ದವಳು ನಮ್ಮಕ್ಕ ಕಸ್ತೂರಿ. ಬಟ್ಟೆ ಹೊಲಿಯುತ್ತಿದ್ದ ಅವಳಿಗೆ ಕಣ್ಣಳತೆ ಚೆನ್ನಾಗಿತ್ತು. ಮೌಸು ಎಂದರೆ ಏನೆಂದು ಗೊತ್ತಿಲ್ಲದೆಯೇ ಹನ್ನೊಂದು ವರ್ಷದ ಹಿಂದೆ ದಾವಲಸಾಬರ ಅಂಗಡಿಗೆ ಹೋಗಿದ್ದಳಂತೆ. ದಾವಲಸಾಬರು ಅದನ್ನು ಇವತ್ತಿಗೂ ರುಚಿ ಹಚ್ಚಿ ಹೇಳುತ್ತಾರೆ. ‘ನಮ್ಮ ಬನ್ಯಾ ವಿಚಾರ ಮಾಡೂ ಮುಂದ ಅಂಗೈ ಊರಿ ಕುಂಡ್ರತಾನ. ಬೆನ್ನು ದಪ್ಪ ಇದ್ದದ್ದು ಕೊಡು. ಓಡೂದು ಬ್ಯಾಡ, ಕುಂಡ್ರೂದು ಬೇಕು’ ಎಂದು ಹೇಳಿ, ಇದ್ದ ಮೌಸುಗಳ ಬೆನ್ನನ್ನೆಲ್ಲ ಕುಂಬಳಕಾಯಿ ಮುಟ್ಟಿ ನೋಡಿದಂತೆ ಮುಟ್ಟಿ ನೋಡಿ ಒಂದನ್ನು ಎತ್ತಿಕೊಂಡು ಬಂದಳು. ಗಂಡ ಸತ್ತ ಮೇಲೆ ಅವಳು ನಮ್ಮ ಮನೆಗೇ ಬಂದಳು. ಮದುವೆಯಾಗದ ನನ್ನ ಮನೆಯಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಅವಳ ಹೊಲಿಗೆ ಮಷೀನು ನನ್ನ ಮೇಜಿನ ಬಲಬದಿಗೆ ಬಂದು ಅಂಟಿಕೊಂಡು ನಿಂತಿತು. ನಾನು ಮೌಸನ್ನು ಜೋರಾಗಿ ಬಲಕ್ಕೆ ಒಯ್ದರೆ ಅದರ ಕಟ್ಟಿಗೆಗೆ ಟಣ್ಣೆಂದು ಬಡಿಯುತ್ತಿತ್ತು. ‘ಬಡೀಬ್ಯಾಡೋ, ಸೂಜಿ ಅದರ್ತೈತಿ’ ಅನ್ನುತ್ತಿದ್ದಳು. ಅವಳು ಹೋದ ಮೇಲೂ ಮಷೀನು ಅಲ್ಲೇ ಇದೆ. ಸರಿಸು ಎಂದು ಯಾರೂ ಹೇಳಲಿಲ್ಲ.

ಹಂಸದ ಕುತ್ತಿಗೆ ಎರಡನೆಯ ಸಲ ಕಾಣೆಯಾದಾಗ ಕೊಟ್ರಪ್ಪನಿಗೇ ಹೇಳಿದೆ. ಹೊಸ ಮೌಸು ಬೇಕಾಗಿದೆ ಎಂದಷ್ಟೇ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು, “ನಿಮಗ ನಾ ಆರಸ್ತೇನ್ರಿ. ನಿಮ್ಮನ್ನ ನನಗಿಂತ ಹೆಚ್ಚು ಯಾರು ಕಂಡಾರ?” ಎಂದ. ವಾರಕ್ಕೆ ಎರಡು ಸಲ, ಬಾಗಿಲಲ್ಲಿ ನಿಂತು, ಐದು ನಿಮಿಷ ನನ್ನನ್ನು ಕಾಣುವವನು ಅವನು. ಯೋಚಿಸಿ ನೋಡಿದರೆ ಅವನು ಹೇಳಿದ್ದು ಸುಳ್ಳಲ್ಲ ಅನ್ನಿಸಿತು, ಅದೇ ಬೇಸರದ ಸಂಗತಿ.

ಮರುದಿನವೇ ತಂದ. ಒಂಚೂರೂ ಸಪ್ಪಳ ಮಾಡದ ಮೌಸು.

“ಒತ್ತಿ ನೋಡ್ರಿ. ಏನರ ಕೇಳತೈತೇನು?”

“ಇಲ್ಲ.”

“ನಿಮ್ಮಂಗ!” ಎಂದು ನಕ್ಕ. “ಹೆಂಗೈತಿ?”

“ಹೇಳಿ ಮಾಡಿಸಿದಂಗೈತಿ,” ಎಂದೆ.

ನಾನು ಎಳೆಗಳನ್ನು ಎಣಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ. ಟಕ್ ಟಕ್ ಎಂದು ಎಂಟು ಬಂದರೆ ಹಂಸದ ಕೊಕ್ಕು, ಇಪ್ಪತ್ತೆರಡಕ್ಕೆ ಕುತ್ತಿಗೆ. ಸಪ್ಪಳವಿಲ್ಲದ ಮೌಸಿನಲ್ಲಿ ನನ್ನ ಹಂಸಗಳು ಒಂಟೆಗಳಾದವು. ಕೊಟ್ರಪ್ಪನ ಮೌಸನ್ನು ಹೊಲಿಗೆ ಮಷೀನಿನ ಡ್ರಾದಲ್ಲಿ, ಅಕ್ಕನ ಗುಂಡಿಗಳ ಡಬ್ಬಿಯ ಪಕ್ಕ ಇಟ್ಟು, ಎರಡೆರಡು ಸಲ ಒತ್ತುವ ಹಳೆಯದನ್ನೇ ಮತ್ತೆ ಸಿಕ್ಕಿಸಿಕೊಂಡೆ.

ಇಷ್ಟು ಕೆಲಸದ ಮಾತಾಯಿತು. ಆಟದ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರಿನ ಮಗ್ಗಗಳು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಿಲ್ಲುತ್ತವೆ. ಆ ಒಂದು ಗಂಟೆ ಊರಿಗೆ ಊರೇ ಕಿವುಡಾದಂತೆ ಇರುತ್ತದೆ. ಕೇಬಲ್ ಟಿವಿಯವರು ಅದೇ ತಂತಿಯಲ್ಲಿ ಊರಿನವರಿಗೆಂದು ಒಂದು ಆಟ ನಡೆಸುತ್ತಾರೆ: ಹಿಮ ಬಿದ್ದ ಒಂದು ಪಾಳು ಹಳ್ಳಿ, ಅದರ ಮನೆಮನೆಗೂ ಹೊಕ್ಕು ಎದುರಾಳಿಗಳನ್ನು ಹುಡುಕಿ ಗುಂಡು ಹೊಡೆಯಬೇಕು. ಹಿಮವನ್ನು ಜನ್ಮದಲ್ಲಿ ಕಾಣದ ಊರಿನವರು ಬನಿಯನ್ನಿನಲ್ಲಿ ಕೂತು ಅದರಲ್ಲಿ ನಡುಗುತ್ತಾರೆ. ಅಲ್ಲಿ ಹೆಸರನ್ನೂ ನಾವೇ ಇಟ್ಟುಕೊಳ್ಳುವಂತಿಲ್ಲ. ಮೊದಲ ದಿನ ನಿಮ್ಮನ್ನು ಕೊಂದವರು ನಿಮಗೆ ಹೆಸರಿಡುತ್ತಾರೆ. ನನ್ನ ಹೆಸರು ‘ಸಾವಕಾಶ’. ನಾಲ್ಕು ವರ್ಷದಿಂದ ನನ್ನ ಜೊತೆಗೆ ಆಡುವವರ ಹೆಸರು ‘ಬಾಗಿಲು’.

ಬಾಗಿಲು ಯಾರೆಂದು ನನಗೆ ಗೊತ್ತಿರಲಿಲ್ಲ. ಇದೇ ಊರಿನವರು ಎಂಬುದಷ್ಟೇ ಖಾತ್ರಿ, ಏಕೆಂದರೆ ತಂತಿ ಊರಿನ ಆಚೆಗೆ ಹೋಗುವುದಿಲ್ಲ. ಆ ಹೆಸರು ಬಂದದ್ದು ಏಕೆಂದು ಮಾತ್ರ ಯಾರಿಗಾದರೂ ತಿಳಿಯುತ್ತದೆ. ಯಾವ ಮನೆಗೆ ಹೋದರೂ ಅವರು ಬಾಗಿಲಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಂದ ದಾರಿಯ ಕಡೆ ಬಂದೂಕು ತಿರುಗಿಸಿ, ನನ್ನನ್ನು ಮೊದಲು ಒಳಗೆ ಬಿಡುತ್ತಾರೆ. ನಾನು ಒಳಗೆ ಹೋದ ಮೇಲೆಯೇ ಅವರು ಬರುತ್ತಾರೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬೆನ್ನ ಹಿಂದಿನಿಂದ ನಾನು ಸತ್ತಿಲ್ಲ. ನಾವು ಬೆರಳಚ್ಚಿಸಿ ಆಡಿದ ಮಾತುಗಳನ್ನು ಕೂಡಿಸಿದರೆ ಒಂದು ಪುಟ ಆದೀತೇನೋ. ‘ಬಂದ್ರಿ?’ ‘ಬಂದೆ.’ ‘ಎಡಕ್ಕ?’ ‘ಹೂಂ.’ ‘ನಾಳೆ.’ ‘ನಾಳೆ.’ ಕಸ್ತೂರಕ್ಕ ತೀರಿಕೊಂಡು ಹತ್ತು ದಿನ ನಾನು ಹೋಗಿರಲಿಲ್ಲ. ಹನ್ನೊಂದನೆಯ ದಿನ ಹೋದಾಗ ಏನೂ ಕೇಳಲಿಲ್ಲ. ಒಂದು ಗಂಟೆ ಹೊತ್ತು ಒಂದೇ ಬಾಗಿಲಿನ ಪಕ್ಕ ಸುಮ್ಮನೆ ನನ್ನ ಜೊತೆ ನಿಂತರು. ಹಿಮ ಬೀಳುತ್ತಿತ್ತು.

ಈಗ ನನ್ನ ಮೌಸು ಒಂದಕ್ಕೆ ಎರಡು ಗುಂಡು ಹಾರಿಸತೊಡಗಿದ ಮೇಲೆ ಅವಿತು ಕೂತ ಜಾಗವೆಲ್ಲ ಎದುರಾಳಿಗಳಿಗೆ ತಿಳಿದುಹೋಗುತ್ತಿತ್ತು. ಒಂದು ದಿನ ಬಾಗಿಲು ಬರೆದರು:

“ನಿಮ್ಮ ಮೌಸು ಎರಡು ಹೊಡೀತೈತಿ.”

“ಗೊತ್ತು.”

“ಆರಿಸೋರಿಲ್ಲೇನು?”

ನಮ್ಮೂರಿನಲ್ಲಿ ಯಾರೂ ಯಾರನ್ನೂ ಹೀಗೆ ನೇರವಾಗಿ ಕೇಳುವುದಿಲ್ಲ. ನಾನೂ ನೇರವಾಗಿಯೇ ಬರೆದೆ, “ನೀವು ಆರಸ್ತೀರೇನು?”

“ನಿಮ್ಮ ಮಾರಿ ನೋಡಿಲ್ಲ.”

“ಕೈ ನೋಡೀರಲ್ಲ.”

ಅಷ್ಟು ಬರೆದು ಪರದೆ ನೋಡುತ್ತ ಕೂತೆ. ಈ ವಯಸ್ಸಿನವರೆಗೆ ಒಬ್ಬರ ಹತ್ತಿರವೂ ನಾನು ಇಷ್ಟು ದೊಡ್ಡದನ್ನು ಕೇಳಿರಲಿಲ್ಲ. ಇಲ್ಲ ಎಂದಿದ್ದರೆ ಮರುದಿನದಿಂದ ಆ ಆಟಕ್ಕೆ ಹೋಗುವ ಮುಖ ನನಗಿರುತ್ತಿರಲಿಲ್ಲ. ಹೋಗದಿದ್ದರೆ ಮೂರರಿಂದ ನಾಲ್ಕರವರೆಗೆ ಆ ಮನೆಯಲ್ಲಿ ನಾನೂ ಹೊಲಿಗೆ ಮಷೀನೂ ಏನು ಮಾಡಬೇಕು?

“ಆತು. ದಾವಲಸಾಬರ ಅಂಗಡ್ಯಾಗ ಸಾವಕಾಶ ಅಂತ ಹೇಳಿ ಇಟ್ಟಿರ್ತೇನಿ,” ಎಂದು ಬಂತು.

ಎರಡು ದಿನ ಬಿಟ್ಟು ದಾವಲಸಾಬರ ಅಂಗಡಿಗೆ ಹೋದೆ. ಅಲ್ಲಿ ಬಲಗಡೆ ಗೋಡೆಗೆ ಎರಡು ಸಾಲು ಮೌಸುಗಳಿವೆ. ಮೇಲಿನವು ಆಟದವು, ಹೊಟ್ಟೆಯೊಳಗೆ ಮದುವೆ ಮಂಟಪದ ದೀಪಗಳು. ಕೆಳಗಿನವು ಕೆಲಸದವು, ಸರ್ಕಾರಿ ಕಚೇರಿಯ ಮುಖ. ದಾವಲಸಾಬರು ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು, ಕೂತ ಜಾಗದಿಂದಲೇ ಊರನ್ನು ಆಳುವವರಂತೆ ಕೂತಿರುತ್ತಾರೆ.

“ಸಾವಕಾಶ ಅನ್ನೋರಿಗೆ ಒಂದು ಇಟ್ಟಾರಂತಲ್ಲ,” ಎಂದೆ.

ಅವರು ನನ್ನನ್ನು ನೋಡಿ ಹುಬ್ಬೇರಿಸಿದರು. “ನೀವೇನು ಸಾವಕಾಶ? ಮೊದಲ ಹೊಳೀಬೇಕಿತ್ತು ನನಗ.” ಕಪಾಟಿನಿಂದ ಪೆಟ್ಟಿಗೆ ತೆಗೆದರು. “ಒಂದೂವರಿ ತಾಸು ನಿಂತಾರ್ರಿ. ‘ಕೆಲಸಕ್ಕೂ ಬೇಕು, ಆಟಕ್ಕೂ ಬೇಕು’ ಅಂದ್ರು. ನಾ ಅಂದೆ, ಕೆಲಸದ ಮೌಸು ಎಮ್ಮಿ ಇದ್ದಂಗ, ಆಟದ್ದು ಆಡು ಇದ್ದಂಗ, ಎರಡೂ ಆಗೂದು ಎಲ್ಲಿಂದ ತರ್ಲಿ? ಬಿಡಲಿಲ್ಲ. ಒಂದೊಂದೂ ಕೈಯಾಗ ಹಿಡದು ತೂಗಿ ನೋಡಿದ್ರು. ‘ಅವರು ಹೊಡಿಯೂಕಿಂತ ಮೊದಲ ಒಂದು ಉಸರು ನಿಲ್ಲತಾರ, ಹಗೂರದ್ದು ಕೊಟ್ರ ನಿಂತಲ್ಲೆ ನಡಗತೈತಿ. ಚೌಕ ತುಂಬೂ ಕೆಲಸ ಅಂತ ಹೇಳಿದ್ರು ಒಮ್ಮೆ, ಭಾರದ್ದು ಕೊಟ್ರ ಮಣಿಕಟ್ಟು ನೋಯ್ತೈತಿ. ಸಪ್ಪಳ ಇರಲಿ, ಎಣಿಸಿ ಎಣಿಸಿ ಹೊಡೀತಾರ, ಸಪ್ಪಳ ಬೇಕು ಅವರಿಗೆ’ ಅಂದ್ರು.”

ನಾನು ಪೆಟ್ಟಿಗೆಗೆ ಕೈ ಚಾಚಿದೆ.

“ಯಾರು ಅಂತ ಹೇಳ್ಲೇನು?” ದಾವಲಸಾಬರು ಕೇಳಿದರು. ಅವರ ನಾಲಿಗೆಯ ತುದಿಯಲ್ಲಿ ಹೆಸರು ಕುಣಿಯುತ್ತಿತ್ತು.

“ಬ್ಯಾಡ್ರಿ,” ಎಂದೆ. ಊರು ದೊಡ್ಡದಲ್ಲ. ಬಾಗಿಲು ಎಂದರೆ ಕೊಟ್ರಪ್ಪನೇ ಆಗಿರುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದೆ. ಕಪ್ಪು ಬಣ್ಣ, ಹೊಟ್ಟೆಯಲ್ಲಿ ದೀಪವಿಲ್ಲ. ತೂಕ ಒಂದು ಹಣ್ಣಾದ ನಿಂಬೆಯಷ್ಟು ಹಿತವಾಗಿತ್ತು. ಕೆಳಗೊಂದು ಗುಂಡಿ: ಒಮ್ಮೆ ಒತ್ತಿದರೆ ಬಾಣ ಚೌಕದಿಂದ ಚೌಕಕ್ಕೆ ಇರುವೆಯಂತೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಮಿಂಚು. ಒತ್ತಿದರೆ ಖಚಿತವಾದ ಒಂದೇ ಟಕ್. ಕೈ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಆಗಲೂ ಕೂರಲಿಲ್ಲ. ಬೆನ್ನು ತಪ್ಪು ಕಡೆಗೆ ಇಳಿಜಾರಾಗಿತ್ತು, ಹೆಬ್ಬೆರಳಿನ ಗುಂಡಿಗಳು ನನ್ನ ಕಿರುಬೆರಳಿಗೆ ಚುಚ್ಚುತ್ತಿದ್ದವು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದೆ. ಎಡಗೈಯವರ ಮೌಸು ಅದು. ದಾವಲಸಾಬರ ಅಂಗಡಿಯಲ್ಲಿ ಅಂಥದ್ದು ಇದ್ದದ್ದೇ ಒಂದಿರಬೇಕು. ಒಂದೂವರೆ ಗಂಟೆ ಹುಡುಕಿ ಅದನ್ನೇ ತೆಗೆದಿದ್ದರು.

ನಾನು ಬಲಗೈಯವನು. ಕೈ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು.

ನಮ್ಮೂರಿನಲ್ಲಿ ಹುಟ್ಟಿದವನು ಇಂಥ ಹೊತ್ತಿಗೆ ಏನು ಮಾಡಬೇಕೋ ಅದನ್ನೇ ಮಾಡಿದೆ. ಮೌಸನ್ನು ಎಡಗಡೆಗಿಟ್ಟು ಎಡಗೈಯಲ್ಲಿ ಹಿಡಿದೆ. ಐವತ್ತಾರು ವರ್ಷ ಲೋಟ ಎತ್ತುವುದಕ್ಕಿಂತ ಹೆಚ್ಚಿನ ಜವಾಬ್ದಾರಿ ಕಾಣದ ಕೈ ಅದು. ಮೂರು ಗಂಟೆಗೆ ಹಿಮದ ಹಳ್ಳಿಗೆ ಹೋದರೆ ನಾನು ಕುಡಿದವನಂತೆ ಗೋಡೆಗೆ ಹೋಗಿ ಹೋಗಿ ಬಡಿದೆ, ಆಕಾಶಕ್ಕೆ ಗುಂಡು ಹಾರಿಸಿದೆ, ಮನೆ ಹೊಕ್ಕು ಬಲಕ್ಕೆ ತಿರುಗಿದೆ. ಎಡಬದಿಗೆ ಬಡಿಯಲು ಮಷೀನು ಇರಲಿಲ್ಲ ನೋಡಿ, ಕೈ ಎತ್ತ ಬೇಕಾದತ್ತ ಹೋಗುತ್ತಿತ್ತು. ಬಾಗಿಲು ನಿಂತಲ್ಲೇ ನಿಂತು ಇದನ್ನೆಲ್ಲ ನೋಡಿದರು.

“ಯಾರು ನೀವು?” ಎಂದು ಬರೆದರು.

“ನಾನ. ಸಾವಕಾಶ.”

“ಅವರ ಕುರ್ಚಿ ಮ್ಯಾಲೆ ಕುಂತೀರಿ, ಅಷ್ಟ. ಅವರ ಕೈ ನನಗ ಗೊತ್ತೈತಿ. ಅವರನ್ನ ಕರೀರಿ.”

ಕರೆಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಏನು ಬರೆಯಬೇಕೆಂದು ಯೋಚಿಸುವಷ್ಟರಲ್ಲಿ ಅವರು ನಡೆದುಹೋದರು. ಮರುದಿನ ಇನ್ನೊಂದು ತುದಿಯ ಮನೆಯಲ್ಲಿ ಬೇರೆ ಯಾರಿಗೋ ಬಾಗಿಲು ಕಾಯುತ್ತ ನಿಂತದ್ದು ಕಂಡಿತು. ಮೂರನೆಯ ದಿನವೂ ಅಷ್ಟೇ. ಹತ್ತಿರ ಹೋದೆ. ಒಂದು ಗುಂಡು ಹೊಡೆದು ಕೊಂದರು. ಅವರ ಕೈಯಿಂದ ಸತ್ತದ್ದು ಅದೇ ಮೊದಲು. ನೆಲದ ಮೇಲೆ ಬಿದ್ದು, ಮೇಲೆ ಹಿಮ ಕೂಡುತ್ತಿದ್ದುದನ್ನು ನೋಡುತ್ತ, ನನ್ನ ಸ್ಥಿತಿಯನ್ನು ಅಚ್ಚುಕಟ್ಟಾಗಿ ಅರ್ಥ ಮಾಡಿಕೊಂಡೆ. ಈ ಊರಿನಲ್ಲಿ ನನ್ನನ್ನು ಗುರುತು ಹಿಡಿಯುವವರು ಒಬ್ಬರಿದ್ದರು. ಅವರೇ ಆರಿಸಿದ ವಸ್ತು ಹಿಡಿದುಕೊಂಡರೆ ಅವರಿಗೇ ನನ್ನ ಗುರುತಿಲ್ಲ. ಹಳೆಯದನ್ನು ಹಿಡಿದುಕೊಂಡರೆ ಗುರುತು ಸಿಗುತ್ತದೆ, ಆದರೆ ಅವರು ಆರಿಸಿದ್ದನ್ನು ನಾನು ಬದಿಗಿಟ್ಟಿದ್ದೇನೆ ಎಂಬುದು ಮೊದಲ ಗುಂಡಿಗೇ ತಿಳಿಯುತ್ತದೆ. ಕೊಟ್ರಪ್ಪನ ಮೌಸಿನ ಹಾಗೆ ಇದನ್ನು ಗುಂಡಿಗಳ ಡಬ್ಬಿಯ ಪಕ್ಕ ಮುಚ್ಚಿಡಲು ಬರುವಂತಿರಲಿಲ್ಲ.

ನಾಲ್ಕನೆಯ ದಿನ ಹಳೆಯ ಮೌಸು ಸಿಕ್ಕಿಸಿದೆ. ಬಲಗೈ ಅದರ ದಪ್ಪ ಬೆನ್ನಿನ ಮೇಲೆ ಕೂತಿತು. ಹಳ್ಳಿಯ ನಡುವೆ ನಿಂತು ಆಕಾಶಕ್ಕೆ ಒಂದು ಸಲ ಒತ್ತಿದೆ. ಢಂ ಢಂ, ಎರಡು.

ಬಾಗಿಲು ಎಲ್ಲಿದ್ದರೋ, ಓಡಿ ಬಂದರು.

“ಬಂದ್ರಿ? ಮೂರು ದಿನ ಯಾರೋ ನಿಮ್ಮ ಹೆಸರಲೆ ಆಡಿದ್ರು. ಒಮ್ಮೆ ಕೊಂದೂ ಬಿಟ್ಟೆ.”

“ಹೂಂ.”

“ನಿಲ್ರಿ. ಇದು ಹಳೇ ಮೌಸು. ನಾ ಆರಿಸಿದ್ದು ಹೆಂಗೈತಿ?”

ಬಂತಲ್ಲ ಆ ಮಾತು. ನನ್ನ ಬೆರಳುಗಳಿಗೆ ಉತ್ತರ ಬಾಯಿಪಾಠವಾಗಿತ್ತು. ‘ಹೇಳಿ ಮಾಡಿ’ ಎನ್ನುವಷ್ಟು ಬರೆದೂ ಆಗಿತ್ತು. ಅಲ್ಲಿಗೆ ನಿಂತೆ. ಪೂರ್ತಿ ಮಾಡಿದರೆ ಅವರು ಸರಿ ಅನ್ನುತ್ತಾರೆ, ನಾನು ಹಳೆಯದನ್ನು ಏಕೆ ಹಿಡಿದಿದ್ದೇನೆ ಎಂದು ಇನ್ನು ಕೇಳುವುದಿಲ್ಲ, ಇಬ್ಬರೂ ಮರ್ಯಾದೆಯಿಂದ ಒಬ್ಬರಿಗೊಬ್ಬರು ಇಲ್ಲದವರಾಗುತ್ತೇವೆ. ನಮ್ಮೂರಿನಲ್ಲಿ ಹಾಗೆ ಆದವರು ಬಹಳ ಮಂದಿ ಇದ್ದಾರೆ. ದಿನಾ ಎದುರಾಗಿ ನಗುತ್ತಾರೆ. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ.

“ಹೊಂದಲಿಲ್ಲ,” ಎಂದು ಬರೆದೆ.

ಅವರು ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಎರಡು ಕಂಬಗಳಂತೆ ನಿಂತ ನಮ್ಮನ್ನು ಯಾವನೋ ದಾರಿಹೋಕ ಎದುರಾಳಿ ಬಂದು ಸಾವಕಾಶವಾಗಿ ಗುರಿಯಿಟ್ಟು ಕೊಂದು, ತನಗೇ ನಂಬಿಕೆಯಾಗದೆ ಸುತ್ತಮುತ್ತ ನೋಡಿ ಹೋದ. ಆಟದಲ್ಲಿ ಸತ್ತವರು ಏಳಲು ಅರ್ಧ ನಿಮಿಷ ಕಾಯಬೇಕು. ಅಷ್ಟು ಹೊತ್ತು ಹೆಣಗಳು ಮಾತಾಡಬಹುದು.

“ನಿಮ್ಮದು ಬಲಗೈಯೇನು?” ಪಕ್ಕದ ಹೆಣ ಕೇಳಿತು.

“ಹೌದು.”

“ಮತ್ತ ನಾಕು ವರ್ಷ ಎಡಕ್ಕ ಯಾಕ ತಿರಿಗಿದ್ರಿ? ಯಾವ ಮನಿ ಹೊಕ್ಕರೂ ಎಡಕ್ಕ. ನಾ ಎಡಗೈಯವರು ಅಂತ ತಿಳಕೊಂಡೆ.”

“ಬಲಕ್ಕ ನಮ್ಮಕ್ಕನ ಹೊಲಿಗಿ ಮಷೀನ ಐತಿ. ಮೌಸು ಬಡೀತೈತಿ.”

“ಸರಸಾಕ ಹೇಳಬಾರದೇನು ಅಕ್ಕಗ?”

“ಅಕ್ಕ ಇಲ್ಲ.”

ಅರ್ಧ ನಿಮಿಷ ಮುಗಿದು ಇಬ್ಬರೂ ಎದ್ದು ನಿಂತೆವು. ಅವರು ಹತ್ತಿರದ ಮನೆಯ ಬಾಗಿಲಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟರು. “ಆ ಹತ್ತು ದಿನ,” ಎಂದು ಬರೆದರು. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಬರೆದರು, “ನಾಳೆ ನಾಕೂವರಿಗೆ ದಾವಲಸಾಬರ ಅಂಗಡಿ. ಇಬ್ಬರೂ ಹೋಗಿ ಹೇಳಿದ್ರ ವಾಪಸ್ ತಗೋಬೇಕು ಅವರು.”

ಮರುದಿನ ನಾಲ್ಕಕ್ಕೇ ಹೋಗಿ ಅಂಗಡಿಯ ಎದುರು ಬೀದಿಯಲ್ಲಿ ಪೆಟ್ಟಿಗೆ ಹಿಡಿದು ನಿಂತೆ. ಮಗ್ಗಗಳು ಮತ್ತೆ ಶುರುವಾಗಿದ್ದವು. ಬರುವವರ ಹೋಗುವವರ ಕೈ ನೋಡತೊಡಗಿದೆ. ನಾಲ್ಕು ವರ್ಷ ಜೊತೆಗಿದ್ದರೂ ನಾನು ಅವರ ಕೈಯ ಬಗ್ಗೆ ಯೋಚಿಸಿಯೇ ಇರಲಿಲ್ಲವಲ್ಲ ಎಂದು ಆಗ ಹೊಳೆದು ನಾಚಿಕೆಯಾಯಿತು. ನಾಲ್ಕೂವರೆಗೆ ಎರಡು ನಿಮಿಷ ಇರುವಾಗ ತಿರುವಿನಲ್ಲಿ ಕೊಟ್ರಪ್ಪ ಕಾಣಿಸಿಕೊಂಡ. ನೇರವಾಗಿ ಅಂಗಡಿಯ ಕಡೆಗೇ ಬಂದ. ಪೆಟ್ಟಿಗೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ.

“ಏನ್ರಿ ಬನಪ್ಪಣ್ಣ, ಇಲ್ಲೆ ನಿಂತೀರಿ?”

“ನೀ ಎಲ್ಲಿಗೆ?” ಎಂದೆ.

“ನಮ್ಮ ಮಾವಗ ಒಂದು ಟೊಪಗಿ ಆರಿಸೂದೈತಿ. ಹೋದ ಸಲ ಅವರು ನನಗ ಆರಿಸಿದ ಅಂಗಿ ನೋಡೀರಲ್ಲ? ಇವತ್ತ ಸೇಡು ತೀರಸ್ಕೋತೇನಿ,” ಎಂದು ಹೇಳಿ ಮುಂದಿನ ಬೀದಿಗೆ ಹೋದ. ಅವನನ್ನು ನಾನು ಅಷ್ಟು ಪ್ರೀತಿಯಿಂದ ಬೀಳ್ಕೊಟ್ಟದ್ದು ಅದೇ ಮೊದಲು.

ತಿರುಗಿ ನೋಡಿದರೆ ಅಂಗಡಿಯ ಬಾಗಿಲಿನ ಪಕ್ಕ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಚೀಚೆ. ಕೈಯಲ್ಲಿ ಹಿಡಿಕೆ ಹೊಲಿಸಿದ ಚೀಲ, ಕನ್ನಡಕದ ಒಂದು ಕಾಲಿಗೆ ಕೆಂಪು ದಾರ. ಸಂತೆಯಲ್ಲೋ ಪೋಸ್ಟಾಫೀಸಿನಲ್ಲೋ ನೂರು ಸಲ ನೋಡಿ ನೋಡದೆ ಹೋಗಿರಬಹುದಾದ ಮುಖ. ಒಳಗೆ ಹೋಗದೆ ಗೋಡೆಗೆ ಬೆನ್ನು ಕೊಟ್ಟು ಬೀದಿಯನ್ನು ನೋಡುತ್ತಿದ್ದರು. ನಾನು ಬೀದಿ ದಾಟಿ ಮೂರು ಮೆಟ್ಟಿಲು ಹತ್ತಿದೆ. ಅವರು ನನ್ನ ಕಡೆ ನೋಡಲಿಲ್ಲ. ನನ್ನ ಬೆನ್ನ ಹಿಂದೆ, ನಾನು ಬಂದ ದಾರಿಯನ್ನು ನೋಡುತ್ತ ಅರ್ಧ ಹೆಜ್ಜೆ ಸರಿದು ಬಾಗಿಲು ಬಿಟ್ಟರು.

“ನಡೀರಿ,” ಎಂದರು.

ನಡೆದೆ. ಒಳಗೆ ಹೋಗಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೋಡಿದರೆ ನನ್ನ ಮೂಗಿನ ಎದುರು ಒಂದು ಹಳೆಯ ಕ್ಯಾಲೆಂಡರು ಮತ್ತು ಕೆಟ್ಟ ಫ್ಯಾನು ಇದ್ದವು. ಮೌಸುಗಳ ಗೋಡೆ, ಗಲ್ಲೆ, ದಾವಲಸಾಬರು ಎಲ್ಲರೂ ಬಲಕ್ಕಿದ್ದರು. ಹಿಂದಿನಿಂದ ಒಂದು ನಗು ಕೇಳಿತು. ನಾಲ್ಕು ವರ್ಷದಲ್ಲಿ ನಾನು ಕೇಳಿರದ ನಗು.

“ಇಲ್ಲೆ ಯಾವ ಹೊಲಿಗಿ ಮಷೀನ ಐತ್ರಿ?”

ದಾವಲಸಾಬರು ನಮ್ಮಿಬ್ಬರನ್ನೂ, ಪೆಟ್ಟಿಗೆಯನ್ನೂ ನೋಡಿ ವಿಷಯ ತಿಳಿದು ಎದ್ದು ನಿಂತರು. ಗಲ್ಲೆಯ ಕೆಳಗಿನ ಡ್ರಾ ಎಳೆದರು. ಬರಲಿಲ್ಲ. ಕಾಲು ಕೊಟ್ಟು ಎಳೆದಾಗ ಕಿರ್ರೆಂದು ಬಂತು. ಒಳಗೆ ಅವರ ತಂದೆಯ ಕಾಲದ ಒಂದು ಸುಣ್ಣದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. “ಯಾ ಅಲ್ಲಾ,” ಎಂದು ಡಬ್ಬಿಯನ್ನು ತೆಗೆದು ಅಂಗಿಯಿಂದ ಒರೆಸಿ ಪಕ್ಕಕ್ಕಿಟ್ಟರು. “ಇಬ್ಬರೂ ಹೇಳ್ರಿ ಮತ್ತ.”

“ಹೊಂದಿಲ್ಲ,” ಎಂದೆ.

“ಹೊಂದಿಲ್ಲ,” ಎಂದರು ಅವರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗೆ ಇಣುಕಿದರು.

ಪೆಟ್ಟಿಗೆ ಡ್ರಾದೊಳಗೆ ಹೋಯಿತು. ಅವರು ಚೀಲವನ್ನು ಗಲ್ಲೆಯ ಮೇಲಿಟ್ಟು, “ಇನ್ನೊಂದು ನೋಡೋಣ್ರಿ,” ಎಂದರು. ದಾವಲಸಾಬರು ಮೂವತ್ತು ವರ್ಷದ ಅಭ್ಯಾಸದಿಂದ, ಯೋಚಿಸದೆ, ಕೇಳಿಯೇಬಿಟ್ಟರು:

“ಯಾರಿಗ್ರಿ?”

ಆ ಹೆಂಗಸಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅವರು ತಿರುಗಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. ಮುಖವನ್ನು ಬೇಗ ನೋಡಿ ಮುಗಿಸಿ, ಬಲಗೈಯನ್ನು ಬಹಳ ಹೊತ್ತು ನೋಡಿದರು.

“ಇವರಿಗ,” ಎಂದರು.

ಕನ್ನಡಕದ ಅಂಗಡಿ ಅಲ್ಲಿಂದ ಎರಡನೆಯದು. ಅದು ಆರಕ್ಕೆ ಮುಚ್ಚುತ್ತದೆ ಎಂಬುದು ನನಗೆ ನೆನಪಿತ್ತು. ಆದರೆ ಈಗ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಾಗಿತ್ತು. ಮತ್ತೆ ಎಡಕ್ಕೆ ತಿರುಗಿ ಹಳೆಯ ಕ್ಯಾಲೆಂಡರಿನ ಎದುರು ಹೋಗಿ ನಿಂತು, ಎಂದೋ ಮುಗಿದುಹೋದ ತಿಂಗಳಿನ ತಾರೀಖುಗಳನ್ನು ಓದತೊಡಗಿದೆ. ಬೆನ್ನ ಹಿಂದೆ ಪೆಟ್ಟಿಗೆಗಳು ತೆರೆಯುವ, ಮುಚ್ಚುವ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಎಂದಿತು. ಕಿವಿಗೊಟ್ಟು ಕಾದೆ. ಒಂದೇ ಸಲ.